ಬೆಳೆಗೊಂದು ಪ್ಲಗ್. ಗಾಡಿ ಎಂಜಿನ್ನಿಗೆ ಬೋರ್ ಹೊಡೆಸಲೇಬೇಕಾ?

ಸೊಪ್ಪಿನ ಗಾಡಿ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಅರ್ಧ ಹೇಳಿದರೆ ಆಮೇಲೆ ನೀವೇ ಒಂದೊಂದಾಗಿ ಕೇಳುತ್ತೀರಿ, ಅದಕ್ಕೆ ಎಲ್ಲ ಒಂದೇ ಸಲ ಬರೆಯುತ್ತಿದ್ದೇನೆ.

ನಮ್ಮಪ್ಪ 2006ರಲ್ಲಿ ತಂದ 100 ಸಿಸಿ ಫೋರ್ ಸ್ಟ್ರೋಕ್ ಗಾಡಿ. ಕಂಪನಿ ಹೆಸರು ಬೇಡ. ಇಷ್ಟು ವರ್ಷ ದುಡಿದ ಗಾಡಿಯನ್ನು ಬೈಯುವುದಕ್ಕೆ ನಾನು ಬಂದಿಲ್ಲ. ಮಧ್ಯದಲ್ಲಿ ಒಮ್ಮೆ ಮೀಟರ್ ಬದಲಾಯಿಸಿದೆವು, ಹಾಗಾಗಿ ಒಟ್ಟು ಓಡಿದ್ದು ಎಷ್ಟು ಅಂತ ಸರಿಯಾಗಿ ಗೊತ್ತಿಲ್ಲ. ಲಕ್ಷ ಅಂತೂ ದಾಟಿದೆ.

ನಮ್ಮದು ರೇಷ್ಮೆ ಮನೆ. ಗಾಡಿಯ ಮುಖ್ಯ ಕೆಲಸ ಸೊಪ್ಪು ಹೊರುವುದು. ತೋಟದಿಂದ ಹುಳದ ಮನೆಗೆ ಒಂದೂವರೆ ಕಿಲೋಮೀಟರ್. ಹುಳ ಪೊರೆ ಕಳಚುವುದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹೇಗೆ ಮೇಯುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ದಿನಕ್ಕೆ ಐದಾರು ಟ್ರಿಪ್ ಆಗುತ್ತದೆ. ಹಿಂದೆ ಸೊಪ್ಪಿನ ಹೊರೆ, ಅರ್ಧ ದಾರಿ ಬದುವಿನ ಮೇಲೆ, ಫಸ್ಟ್ ಗೇರು, ಸೆಕೆಂಡ್ ಗೇರು. ಆಮೇಲೆ ಗೂಡು ಬಿಡಿಸಿದ ದಿನ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಎರಡು ಮೂಟೆ. ವಾರಕ್ಕೊಮ್ಮೆ ಚಿಕ್ಕಬಳ್ಳಾಪುರ. ಇಷ್ಟೇ ಅದರ ಪ್ರಪಂಚ.

ಈಗ ಒಂದು ವರ್ಷದಿಂದ ಬೆಳೆಗೊಂದು, ಅಂದರೆ ಒಂದು ಸಲ ಹುಳ ಸಾಕಿ ಗೂಡು ಬಿಡಿಸುವಷ್ಟರಲ್ಲಿ ಒಂದು ಪ್ಲಗ್ ತಿನ್ನುತ್ತಿದೆ. ಲೆಕ್ಕ ಹಾಕಿದರೆ ಸುಮಾರು 300 ಕಿಲೋಮೀಟರ್. ಮೊದಲು ಮಿಸ್ಸಿಂಗ್ ಹೊಡೆಯುತ್ತದೆ, ಆಮೇಲೆ ಪಿಕಪ್ ಸಾಯುತ್ತದೆ, ಆಮೇಲೆ ಕಿಕ್ ಹೊಡೆದು ಹೊಡೆದು ನನ್ನ ಮೊಣಕಾಲು ಸಾಯುತ್ತದೆ. ಹೋದ ತಿಂಗಳು ಗೂಡು ಹೇರಿಕೊಂಡು ಹೋಗುವಾಗಲೇ ನಿಂತಿತು. ಬೆಳಿಗ್ಗೆ ಏಳು ಗಂಟೆ, ರಸ್ತೆ ಪಕ್ಕ ಮೂಟೆ ಇಳಿಸಿ, ಪ್ಲಗ್ ಬಿಚ್ಚಿ, ಪಂಚೆ ಅಂಚಿನಲ್ಲಿ ಒರೆಸಿ ಹಾಕಿದೆ. ಹರಾಜು ಶುರುವಾಗುವ ಹೊತ್ತಿಗೆ ಹೇಗೋ ತಲುಪಿದೆ. ಪಂಚೆ ಮಾತ್ರ ಹೋಯಿತು.

ತಮಾಷೆ ಏನಂದರೆ, ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಗಿಸಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಬರುತ್ತದೆ. ಒಳಗೆ ಹಾಕಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಪ್ಲಗ್ ನೋಡಲು ಹೀಗಿದೆ: ಒಂದು ಕಡೆ ಒಣ ಮಸಿ, ಬೆರಳಿಗೆ ದೀಪದ ಕಾಡಿಗೆ ಥರ ಅಂಟುತ್ತದೆ. ಇನ್ನೊಂದು ಕಡೆ ಹಸಿ ಜಿಡ್ಡು, ಮಿಣಮಿಣ ಹೊಳೆಯುತ್ತದೆ. ಆಯಿಲ್ ಕೂಡ ಕಮ್ಮಿ ಆಗುತ್ತಿದೆ. ಎಷ್ಟು ಅಂತ ಅಳೆದಿಲ್ಲ, ಆಗಾಗ ಸುರಿಯುತ್ತೇನೆ. ಆಯಿಲ್ ಮುಚ್ಚಳ ಬಿಚ್ಚಿದರೆ ಒಳಗೆ ಬೆಳ್ಳಗೆ ಬೆಣ್ಣೆ ಕಟ್ಟಿದ ಹಾಗಿದೆ. ಇದನ್ನು ನೋಡಿ ಭಯ ಆಯಿತು. ಎಂಜಿನ್ ಒಳಗೆ ನೀರು ಹೋಗುತ್ತಿದೆಯಾ?

ಪೇಟೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಪ್ಲಗ್ ಬಿಚ್ಚಿದರು, ಒಂದು ಸಲ ತಿರುಗಿಸಿ ನೋಡಿದರು. "ಆಯಿಲ್ ಹೊಡೀತಾ ಇದೆ, ಬೋರ್ ಹೋಗಿದೆ, ಬ್ಲಾಕ್ ಪಿಸ್ಟನ್ ಹಾಕಬೇಕು, 7 ಸಾವಿರ ಇಟ್ಟುಕೊಂಡು ಬನ್ನಿ" ಅಂದರು. ಬ್ಲಾಕ್ ಅಂದರೆ ಸಿಲಿಂಡರ್, ಬೋರ್ ಅಂದರೆ ಅದರೊಳಗೆ ಪಿಸ್ಟನ್ ಆಡುವ ತೂತು. ಅರ್ಧ ನಿಮಿಷದಲ್ಲಿ 7 ಸಾವಿರದ ತೀರ್ಮಾನ. ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ದುಡ್ಡು ಕೊಡುವವನು ನಾನು ಅಲ್ವಾ? ಬೋರ್ ಹೊಡೆಸುವ ಮೊದಲು ಮನೆಯಲ್ಲೇ ಏನಾದರೂ ನೋಡಿಕೊಳ್ಳಬಹುದಾ?

ನಂದಿ ಬುಡ, ಚಿಕ್ಕಬಳ್ಳಾಪುರ

ಅಣ್ಣ, ಇದಕ್ಕೆ ಸುಲಭದ ದಾರಿ ಇದೆ. ನಿಮ್ಮ ಗಾಡಿಗೆ 7 ನಂಬರ್ ಪ್ಲಗ್ ಇರುತ್ತದೆ. 6 ನಂಬರ್ ಹಾಕಿ. ಅದು ಜಾಸ್ತಿ ಬಿಸಿಯಾಗುತ್ತದೆ, ಆಯಿಲ್, ಮಸಿ ಎಲ್ಲ ಸುಟ್ಟುಕೊಂಡು ಕ್ಲೀನ್ ಆಗಿರುತ್ತದೆ. ನಮ್ಮ ಮಾವ ಹಾಲಿನ ಕ್ಯಾನ್ ಹೊರುವ ಗಾಡಿಗೆ ಹಾಗೇ ಮಾಡಿ ಎರಡು ವರ್ಷ ಓಡಿಸಿದರು.

ಬೆಣ್ಣೆ ಇದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಿ. ಕಾರಿನಲ್ಲಿ ಹಾಗೇ ಆಗುವುದು.

ಹಳೇ ಫಿಟ್ಟರ್, ಕೆಜಿಎಫ್

ತಮ್ಮಾ ಸೊಪ್ಪಿನ ಗಾಡಿ, ಸುಮ್ನೆ ಬೋರ್ ಹೊಡೆಸಬೇಡ. ಹೊಡೆಸಲೇಬೇಕಾಗಿ ಬರಬಹುದು, ಆದರೆ ಇನ್ನೂ ಗೊತ್ತಾಗಿಲ್ಲ.

ನನ್ನ ಬಗ್ಗೆ ಒಂದು ಮಾತು. ಇಲ್ಲಿಯ ಗಣಿ 2001ರಲ್ಲಿ ಮುಚ್ಚುವವರೆಗೆ ಕಂಪ್ರೆಸರ್ ಮನೆಯಲ್ಲಿ ಫಿಟ್ಟರ್ ಆಗಿದ್ದೆ. ಆಮೇಲೆ ಹದಿನೈದು ವರ್ಷ ಸಣ್ಣ ಗ್ಯಾರೇಜ್ ಇಟ್ಟಿದ್ದೆ. ಕಂಪ್ರೆಸರ್ ಕೆಲಸ ಅಂದರೆ ಗಾಳಿ ಎಲ್ಲಿ ಸೋರುತ್ತದೆ ಅಂತ ಕಿವಿಯಿಂದ ಹುಡುಕುವ ಕೆಲಸ. ಮೋಟರ್ ಸೈಕಲ್ ಎಂಜಿನ್ ನನಗೆ ಅದರ ಮರಿ ಇದ್ದ ಹಾಗೆ.

ಮೊದಲು ಬೆಣ್ಣೆ ವಿಷಯ ಮುಗಿಸೋಣ. ನಿನ್ನ ಎಂಜಿನ್ನಿಗೆ ಗಾಳಿಯೇ ತಂಪು. ರೇಡಿಯೇಟರ್ ಇಲ್ಲ, ನೀರಿನ ದಾರಿಯೇ ಇಲ್ಲ. ಗ್ಯಾಸ್ಕೆಟ್ ಹೋದರೂ ನೀರು ಎಲ್ಲಿಂದ ಬರಬೇಕು? ಅದು ಪೆಟ್ರೋಲಿನಿಂದಲೇ ಹುಟ್ಟಿದ ನೀರು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ. ಒಂದಿಷ್ಟು ಪಿಸ್ಟನ್ ಸುತ್ತ ಇರುವ ರಿಂಗಿನ ಸಂದಿನಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಆವಿಯಾಗಿ ಹೊರಟುಹೋಗುತ್ತದೆ. ನೀನು ಒಂದೂವರೆ ಕಿಲೋಮೀಟರಿಗೆ ಆಫ್ ಮಾಡುತ್ತೀಯ. ಅದು ಹೋಗುವುದು ಯಾವಾಗ? ಮುಚ್ಚಳದ ತಂಪಿಗೆ ಕೂತು ಆಯಿಲ್ ಜೊತೆ ಕಲೆತು ಬೆಣ್ಣೆ ಆಗುತ್ತದೆ. ಇದಕ್ಕೆ ಹೆಡ್ ಬಿಚ್ಚಬೇಕಾಗಿಲ್ಲ.

ಈ ಒಂದೂವರೆ ಕಿಲೋಮೀಟರೇ ನಿನ್ನ ಪ್ಲಗ್ಗಿಗೂ ಅರ್ಧ ಶತ್ರು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ದಾಟಿದರೆ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಆಚೆ ಹೋದರೆ ಬೇರೆ ತೊಂದರೆ, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ನಿನ್ನದು 450ನ್ನು ಮುಟ್ಟುವುದೇ ಕಷ್ಟ. ಮಸಿ ಅಂದರೆ ಇಂಗಾಲ, ಅದರಲ್ಲಿ ಕರೆಂಟ್ ಹರಿಯುತ್ತದೆ. ಬಿಳಿ ಪಿಂಗಾಣಿ ಮೇಲೆ ಮಸಿ ಹರಡಿದರೆ, ತುದಿಯಲ್ಲಿ ಹಾರಬೇಕಾದ ಕರೆಂಟ್ ಮಸಿಯ ಮೇಲೆ ಜಾರಿಕೊಂಡು ಪ್ಲಗ್ಗಿನ ಲೋಹದ ಮೈಗೆ ಇಳಿದುಬಿಡುತ್ತದೆ. ಹೊರಗೆ ಕಿಡಿ ಬರುವುದಕ್ಕೂ ಇದೇ ಉತ್ತರ. ಬಯಲಿನಲ್ಲಿ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಒಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಅದೇ ಸಂದನ್ನು ದಾಟಲು ಎಷ್ಟೋ ಪಟ್ಟು ಜಾಸ್ತಿ ಬೇಕು. ಆಗ ಕರೆಂಟ್ ಸುಲಭದ ದಾರಿ ಹಿಡಿಯುತ್ತದೆ. ಹೊರಗೆ ಕಿಡಿ ಕಂಡರೆ ಪ್ಲಗ್ ಚೆನ್ನಾಗಿದೆ ಅಂತ ಅರ್ಥವಲ್ಲ.

ಇನ್ನು ನಂದಿ ಬುಡದವರು ಹೇಳಿದ 6 ನಂಬರ್. ಎನ್‌ಜಿಕೆ ಕಂಪನಿ ಪ್ಲಗ್ಗಿನಲ್ಲಿ ನಂಬರ್ ಇಳಿದರೆ ಪ್ಲಗ್ ಬಿಸಿ, ಏರಿದರೆ ತಂಪು. ಬಾಷ್‌ನಲ್ಲಿ ಉಲ್ಟಾ. ಇದು ಗೊತ್ತಿಲ್ಲದೆ ಅಂಗಡಿಯಲ್ಲಿ ತಪ್ಪು ಪ್ಲಗ್ ತಂದವರು ಬಹಳ ಜನ. 6 ಹಾಕಿದರೆ ಮಸಿ ಕಮ್ಮಿ ಕಾಣುತ್ತದೆ, ನಿಜ. ಆದರೆ ಆಯಿಲ್ ಬರುವುದು ನಿಲ್ಲುವುದಿಲ್ಲ. ಮನೆ ಸೋರುವಾಗ ಪಾತ್ರೆ ದೊಡ್ಡದು ಇಟ್ಟ ಹಾಗೆ. ಬೇಸಿಗೆಯಲ್ಲಿ ಹೊರೆ ಹೊತ್ತು ಏರು ಹತ್ತುವಾಗ ಅದು ಬಿಸಿ ಜಾಸ್ತಿ ಆಗಿ ಪಿಸ್ಟನ್ನಿಗೆ ಪೆಟ್ಟು ಕೊಡಬಹುದು. ಕಾರಣ ಗೊತ್ತಾಗುವವರೆಗೆ 7 ಇರಲಿ.

ಈಗ ನೀನು ಮಾಡಬೇಕಾದ್ದು. ಮೊದಲನೆಯದು ಪ್ಲಗ್ ಓದುವುದು. ಮೆಕ್ಯಾನಿಕ್ ಬಿಚ್ಚುವ ಮೊದಲು ಗಾಡಿ ಐಡಲಿನಲ್ಲಿ ಎಷ್ಟು ಹೊತ್ತು ಓಡುತ್ತಿತ್ತು? ಐದು ನಿಮಿಷ ಐಡಲ್ ಓಡಿಸಿ ಬಿಚ್ಚಿದರೆ ಹೊಸ ಗಾಡಿಯ ಪ್ಲಗ್ಗೂ ಕಪ್ಪಾಗಿರುತ್ತದೆ. ಹೊಸ ಪ್ಲಗ್ ಹಾಕು. ಚಿಕ್ಕಬಳ್ಳಾಪುರದ ಕಡೆ ಹತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸು. ಓಡುತ್ತಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡು, ಉರುಳಿಕೊಂಡು ಬಂದು ಪಕ್ಕಕ್ಕೆ ನಿಲ್ಲಿಸು. ಹಿಂದೆ ಲಾರಿ ಇಲ್ಲದ ಕಡೆ ಮಾಡು. ಆರಿದ ಮೇಲೆ ಬಿಚ್ಚಿ ನೋಡು. ಆ ಬಣ್ಣವೇ ನಿಜವಾದ ಬಣ್ಣ. ಹುರಿಹಿಟ್ಟಿನ ಬಣ್ಣ ಇದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಹಸಿ ಜಿಡ್ಡು ಇದ್ದರೆ ಆಯಿಲ್. ಸುಣ್ಣದಂತೆ ಬೆಳ್ಳಗಿದ್ದರೆ ಜಾಸ್ತಿ ಬಿಸಿ. ನಿನ್ನ ಪ್ಲಗ್ಗಿನಲ್ಲಿ ಮಸಿಯೂ ಇದೆ, ಜಿಡ್ಡೂ ಇದೆ ಅಂತೀಯ. ಅದು ನನಗೆ ಕುತೂಹಲ. ಒಂದೇ ಕಾಯಿಲೆ ಅಂತ ಎಲ್ಲರೂ ನೋಡುತ್ತಿದ್ದಾರೆ. ಎರಡು ಇರಬಹುದು.

ಎರಡನೆಯದು ಹೊಗೆ. ಯಾವಾಗ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಬುಸ್ ಅಂತ ನೀಲಿ ಹೊಗೆ ಬಂದು ನಿಂತರೆ, ವಾಲ್ವ್ ಸೀಲ್, ಅಂದರೆ ವಾಲ್ವ್ ಕಡ್ಡಿಯ ಗುಂಟ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್. ಹೆಡ್ಡಿನಲ್ಲಿ ನಿಂತ ಆಯಿಲ್ ವಾಲ್ವ್ ಕಡ್ಡಿಯ ಗುಂಟ ರಾತ್ರಿ ತೊಟ್ಟಿಕ್ಕುತ್ತದೆ. ಏರಿನಲ್ಲಿ ಎಳೆಸಿದಾಗ ಉದ್ದಕ್ಕೂ ಹೊಗೆ ಬಂದರೆ ರಿಂಗಿನ ಮೇಲೆ ಅನುಮಾನ. ಇನ್ನೊಂದು, ನಿನ್ನ ಹತ್ತಿರವೇ ನಂದಿ ಬೆಟ್ಟ ಇದೆ. ನಮ್ಮ ಕಡೆ ಇಂಥ ಇಳಿಜಾರು ಸಿಗುವುದಿಲ್ಲ. ಮೇಲಿಂದ ಗೇರಿನಲ್ಲೇ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿ. ಹಿಂದೆ ಒಬ್ಬನನ್ನು ಇನ್ನೊಂದು ಗಾಡಿಯಲ್ಲಿ ಕರೆದುಕೊಂಡು ಹೋಗು. ಆಕ್ಸಿಲರೇಟರ್ ಮುಚ್ಚಿದಾಗ ಎಂಜಿನ್ ಗಾಳಿಗಾಗಿ ಹೀರುತ್ತದೆ, ಗಾಳಿ ಸಿಗದೆ ವಾಲ್ವ್ ಕಡ್ಡಿ ಆಡುವ ಗೈಡಿನಿಂದ ಆಯಿಲನ್ನೇ ಎಳೆದುಕೊಳ್ಳುತ್ತದೆ. ಕೆಳಗೆ ಬಂದು ಒಮ್ಮೆ ಆಕ್ಸಿಲರೇಟರ್ ತಿರುಗಿಸಿದಾಗ ಹಿಂದಿನವನಿಗೆ ನೀಲಿ ಮೋಡ ಕಾಣಿಸಿತಾ ಕೇಳು.

ಮೂರನೆಯದು ಅಳತೆ. "ಆಗಾಗ ಸುರಿಯುತ್ತೇನೆ" ಅನ್ನುವುದು ಲೆಕ್ಕವಲ್ಲ. ಮೇನ್ ಸ್ಟ್ಯಾಂಡ್ ಹಾಕಿ, ಆಯಿಲ್ ಅಳೆಯುವ ಕಡ್ಡಿಯನ್ನು ತಿರುಗಿಸದೆ ಸುಮ್ನೆ ಇಳಿಸಿ ನೋಡು. ನಿನ್ನ ಥರದ ಬಹುಪಾಲು ಗಾಡಿಗಳಲ್ಲಿ ಹಾಗೆಯೇ ನೋಡಬೇಕು, ಪುಸ್ತಕ ಇದ್ದರೆ ಅದನ್ನೂ ಒಮ್ಮೆ ತಿರುವಿಹಾಕು. ಮೇಲಿನ ಗೆರೆಗೆ ಸರಿಯಾಗಿ ತುಂಬು, ದಾಟಿಸಬೇಡ. ಜಾಸ್ತಿ ಆದರೆ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಿಗೆ ಹೋಗಿ, ಅಲ್ಲಿಂದ ಕಾರ್ಬೊರೇಟರಿಗೆ ಬಂದು ಅದೇ ಪ್ಲಗ್ಗಿನ ಮೇಲೆ ಕೂರುತ್ತದೆ. ಅದನ್ನೂ ಜನ ಬೋರ್ ಹೋಯಿತು ಅಂತಾರೆ. ಒಂದು ಬೆಳೆ ಓಡಿಸಿ, ಮತ್ತೆ ಗೆರೆಗೆ ತರಲು ಎಷ್ಟು ಮಿಲಿ ಬೇಕಾಯಿತು ನೋಡು.

ನಾಲ್ಕನೆಯದಕ್ಕೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಬೇಕು, ಎಲ್ಲಾದರೂ ಕೇಳಿ ತಾ. ಬಿಸಿ ಎಂಜಿನ್, ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್. ಒಮ್ಮೆ ಒಣಗಿದ್ದಾಗ ನೋಡು. ಆಮೇಲೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡು. ಆಯಿಲ್ ಬಿಟ್ಟಾಗ ಮುಳ್ಳು ದಿಢೀರನೆ ಮೇಲೆ ಹಾರಿದರೆ ರಿಂಗು ಬೋರು ಸವೆದಿದೆ. ಹೆಚ್ಚುಕಮ್ಮಿ ಅಲ್ಲೇ ಇದ್ದರೆ ಅವು ಇನ್ನೂ ಬದುಕಿವೆ.

ಏರ್ ಫಿಲ್ಟರ್ ಯಾವಾಗ ತೆಗೆದು ನೋಡಿದೆ?

ಶಿರಾ ಗೇಟ್, ತುಮಕೂರು

ನಾನು ಸ್ಪೇರ್ಸ್ ಅಂಗಡಿ ಇಟ್ಟಿದ್ದೇನೆ, ಪ್ಲಗ್ ಮಾರುವವನು. ಎರಡು ಮಾತು. ಒಂದು, ಪ್ಲಗ್ಗನ್ನು ವೈರ್ ಬ್ರಷ್ಷಿನಿಂದ ಉಜ್ಜಬೇಡಿ. ಬ್ರಷ್ಷಿನ ಲೋಹ ಪಿಂಗಾಣಿಗೆ ಗೆರೆಗೆರೆಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಮಸಿಯ ಕೆಲಸವನ್ನು ಅದೇ ಮಾಡುತ್ತದೆ. ಎರಡು, ಹಳೇ ಪ್ಲಗ್ಗಿನ ಹೊರಗಡೆ, ಸ್ಪ್ಯಾನರ್ ಹಿಡಿಯುವ ಜಾಗದ ಮೇಲೆ ಬಿಳಿ ಪಿಂಗಾಣಿಗೆ ಕಂದು ಉಂಗುರ ಬಂದಿದೆಯಾ ನೋಡಿ. ಬಂದಿದ್ದರೆ ಪ್ಲಗ್ಗೇ ಗ್ಯಾಸ್ ಲೀಕ್ ಆಗುತ್ತಿದೆ.

ಮತ್ತೆ ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಗಳಲ್ಲಿ ಪ್ಲಗ್ ಕಪ್ಪಾಗುವುದಕ್ಕೆ ಅದೇ ಕಾರಣ ಅಂತ ಗಿರಾಕಿಗಳೆಲ್ಲ ಹೇಳುತ್ತಾರೆ.

ಹಳೇ ಫಿಟ್ಟರ್, ಕೆಜಿಎಫ್

ಬ್ರಷ್ ಮಾತು ನೂರಕ್ಕೆ ನೂರು. ಉಂಗುರದ ಮಾತು ಒಪ್ಪುವುದಿಲ್ಲ ಯಜಮಾನ್ರೇ. ಅದು ಲೀಕ್ ಅಲ್ಲ. ಅಷ್ಟು ವೋಲ್ಟೇಜ್ ಇರುವ ಕಡೆ ಗಾಳಿಯಲ್ಲಿ ತೇಲುವ ಆಯಿಲ್ ಕಣಗಳು ಬಂದು ಪಿಂಗಾಣಿಗೆ ಅಂಟಿ ಕಂದು ಕಲೆ ಆಗುತ್ತದೆ. ಪ್ಲಗ್ ಕೆಲಸಕ್ಕೆ ಅದರಿಂದ ಏನೂ ಇಲ್ಲ. ಆ ಉಂಗುರ ನೋಡಿ ನಾನೇ ಶುರುವಿನಲ್ಲಿ ಒಳ್ಳೆ ಪ್ಲಗ್ಗುಗಳನ್ನು ಎಸೆದಿದ್ದೇನೆ.

ಎಥನಾಲ್ ವಿಷಯ: ಅದರೊಳಗೇ ಆಮ್ಲಜನಕ ಇದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಾಯಿಸದೆ ಅದನ್ನು ಹಾಕಿದರೆ ಗಾಳಿ ಪೆಟ್ರೋಲ್ ಮಿಶ್ರಣ ತೆಳು ಆಗುತ್ತದೆ, ದಪ್ಪ ಅಲ್ಲ. ತೆಳು ಆದರೆ ಪ್ಲಗ್ ಬಿಳಿ ಕಡೆ ತಿರುಗಬೇಕು. ಹಳೇ ರಬ್ಬರಿಗೆ ಅದು ಒಳ್ಳೆಯದಲ್ಲ ಅನ್ನುವುದು ಬೇರೆ ಮಾತು. ಈ ಹುಡುಗನ ಮಸಿಯನ್ನು ಅದರ ತಲೆಗೆ ಕಟ್ಟುವುದು ಬೇಡ.

ಸೊಪ್ಪಿನ ಗಾಡಿ, ಶಿಡ್ಲಘಟ್ಟ ತಾಲ್ಲೂಕು

ತಾತ, ಒಂದು ಬೆಳೆ ಮುಗಿಸಿ ಬರುತ್ತಿದ್ದೇನೆ. ನೀವು ಹೇಳಿದ್ದೆಲ್ಲ ಮಾಡಿದೆ. ತಾತ ಅಂದಿದ್ದಕ್ಕೆ ಬೇಜಾರಿಲ್ಲ ತಾನೆ?

ಮೊದಲು ನಾಚಿಕೆಗೇಡಿನ ವಿಷಯ. ಏರ್ ಫಿಲ್ಟರ್. ತೆಗೆದು ನೋಡಿದರೆ ಫೋಮ್ ಕಾಣಿಸಲೇ ಇಲ್ಲ, ಬರೀ ಸುಣ್ಣ. ನಾವು ಗಾಡಿ ನಿಲ್ಲಿಸುವುದು ಹುಳದ ಮನೆ ಬಾಗಿಲಲ್ಲಿ. ಹುಳ ಜ್ವರಕ್ಕೆ ಕೂತಾಗ ತಟ್ಟೆಗೆ ಸುಣ್ಣದ ಪುಡಿ ಎರಚುತ್ತೇವೆ, ಆ ಧೂಳೆಲ್ಲ ಬಾಗಿಲಿಗೇ ಬರುತ್ತದೆ. ಜೊತೆಗೆ ಬದುವಿನ ಕೆಮ್ಮಣ್ಣು, ಒಣಗಿದ ಸೊಪ್ಪಿನ ಚೂರು. ಮೇಲಿನ ಪದರ ಒದ್ದೆ ಗೋಡೆ ಥರ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹಿಂಡಿದರೆ ಅಂಚಿನಲ್ಲಿ ಪುಡಿಪುಡಿ ಆಯಿತು. ಹೊಸದು ಹಾಕಿದೆ.

ಎರಡನೆಯ ನಾಚಿಕೆಗೇಡು ನನ್ನ ತಮ್ಮ. ಬೆಳಿಗ್ಗೆ ಮೊದಲ ಟ್ರಿಪ್ ಅವನದು. ಚೋಕ್ ಎತ್ತಿ ಸ್ಟಾರ್ಟ್ ಮಾಡುತ್ತಾನೆ, ಇಳಿಸುವುದಿಲ್ಲ. ಚೋಕ್ ಎತ್ತಿದ್ದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ ಅಲ್ವಾ. ತೋಟಕ್ಕೆ ಹೋಗಿ, ಹೊರೆ ಕಟ್ಟಿ, ಅದೇ ಚೋಕಿನಲ್ಲಿ ವಾಪಸ್ ಬರುತ್ತಾನೆ. ಎಷ್ಟು ದಿನದಿಂದ ಅಂದರೆ "ಯಾವಾಗಲೂ" ಅಂದ. ಇಳಿಸಬೇಕು ಅಂತ ಯಾರೂ ಹೇಳಿಲ್ಲವಂತೆ.

ಈಗ ಪರೀಕ್ಷೆಗಳು. ಹೊಸ ಫಿಲ್ಟರ್, ಹೊಸ ಪ್ಲಗ್, ಚೋಕ್ ಇಳಿಸಿ ಚಿಕ್ಕಬಳ್ಳಾಪುರದ ಕಡೆ ಓಡಿಸಿ ನೀವು ಹೇಳಿದ ಹಾಗೆ ಬಿಚ್ಚಿದೆ. ಒಣ ಮಸಿ ಇಲ್ಲವೇ ಇಲ್ಲ! ಆದರೆ ಒಂದು ಪಕ್ಕ ತೆಳುವಾಗಿ ಹಸಿ ಜಿಡ್ಡು ಇತ್ತು. ನೀವು ಹೇಳಿದ್ದು ಸರಿ, ಎರಡು ಕಾಯಿಲೆ.

ಬೆಳಿಗ್ಗೆ ಹೊಗೆ: ಬರುತ್ತದೆ. ಬುಸ್ ಅಂತ ಒಂದು ಸಲ, ನಾಲ್ಕೈದು ಸೆಕೆಂಡು. ಇಷ್ಟು ದಿನ ಕತ್ತಲಲ್ಲಿ ಸ್ಟಾರ್ಟ್ ಮಾಡುತ್ತಿದ್ದರಿಂದ ಕಂಡಿರಲಿಲ್ಲ.

ನಂದಿ: ಮಂಗಳವಾರ ಹೋದೆವು, ಜನ ಇರಲಿಲ್ಲ. ಹತ್ತುವಾಗ ಹಿಂದೆ ಬಂದ ಗೆಳೆಯನಿಗೆ ಹೊಗೆ ಕಾಣಲಿಲ್ಲ. ಇಳಿಯುವಾಗ ತಿರುವುಗಳಲ್ಲಿ ಸೆಕೆಂಡ್ ಗೇರಿನಲ್ಲೇ ಬಿಟ್ಟೆ. ಕೆಳಗೆ ನೇರ ರಸ್ತೆ ಸಿಕ್ಕಾಗ ಆಕ್ಸಿಲರೇಟರ್ ತಿರುಗಿಸಿದೆ. ಹಿಂದಿನಿಂದ ಕೂಗು ಕೇಳಿಸಿತು. ಗೆಳೆಯ ಕೆಮ್ಮುತ್ತಾ ಬಂದು ನಿಂತ. "ಸೊಳ್ಳೆ ಹೊಗೆ ಗಾಡಿ ಬಂದ ಹಾಗಾಯಿತು" ಅಂದ. ಅಷ್ಟು ಹೊಗೆ.

ಕಂಪ್ರೆಷನ್: ಐಟಿಐಯಲ್ಲಿ ಕಲಿಸುವ ನೆಂಟರೊಬ್ಬರು ಗೇಜ್ ಕೊಟ್ಟರು. ಒಣ 128 ಪಿಎಸ್‌ಐ. ಆಯಿಲ್ ಬಿಟ್ಟ ಮೇಲೆ 136.

ಆಯಿಲ್: 310 ಕಿಲೋಮೀಟರಿಗೆ 70 ಮಿಲಿ. ಫಾರ್ಮಲಿನ್ ಅಳೆಯುವ ಪಾತ್ರೆಯಲ್ಲಿ ಅಳೆದಿದ್ದೇನೆ, ಚೆನ್ನಾಗಿ ತೊಳೆದು.

ಹಾಗಾದರೆ ರಿಂಗು ಸರಿ ಇದೆ, ಸೀಲ್ ಹೋಗಿದೆ ಅಂತ ತಾನೆ?

ಹಳೇ ಫಿಟ್ಟರ್, ಕೆಜಿಎಫ್

ತಾತ ಅಂತಲೇ ಕರಿ, ಮೊಮ್ಮಕ್ಕಳು ಮೂವರಿದ್ದಾರೆ.

ಹತ್ತಿರ ಬಂದಿದ್ದೀಯ, ಪೂರ್ತಿ ಬಂದಿಲ್ಲ. 128ರಿಂದ 136 ಅಂದರೆ ಏನೂ ಏರಿಲ್ಲ. ಆಯಿಲ್ ಬಿಟ್ಟರೆ ಯಾವ ಎಂಜಿನ್ನಿನಲ್ಲೂ ಅಷ್ಟು ಏರುತ್ತದೆ. ಸವೆದ ಬೋರ್ ಆಗಿದ್ದರೆ 90ರಿಂದ 130ಕ್ಕೆ ನೆಗೆಯುವ ಥರ ಇರುತ್ತಿತ್ತು. ಆದರೆ ಒಂದು ಎಚ್ಚರಿಕೆ. ಗೇಜ್ ನೋಡುವುದು ಮೇಲಿನ ಎರಡು ರಿಂಗನ್ನು. ಆಯಿಲ್ ಕೆರೆಯುವ ಕೆಳಗಿನ ರಿಂಗು ಮಸಿ ಕಟ್ಟಿ ಸಿಕ್ಕಿಹಾಕಿಕೊಂಡಿದ್ದರೆ ಗೇಜಿಗೆ ಗೊತ್ತಾಗುವುದಿಲ್ಲ. ನಂದಿ ಇಳಿಜಾರಿನ ಹೊಗೆಯೂ ಅಲ್ಪಸ್ವಲ್ಪ ಆ ರಿಂಗಿನಿಂದ ಬರಬಹುದು. ಬೆಳಗಿನ ಬುಸ್ ಮಾತ್ರ ಸೀಲ್ ಕಡೆಯೇ ಕೈ ತೋರಿಸುತ್ತದೆ. ಪಿಸ್ಟನ್ ಕೆಳಗಿನ ಆಯಿಲ್ ರಾತ್ರಿ ತಾನಾಗಿ ಮೇಲಕ್ಕೆ ಹತ್ತುವುದಿಲ್ಲ ಅಲ್ವಾ.

ಆದ್ದರಿಂದ ಹೀಗೆ ಮಾಡು. ಹೆಡ್ ಮಾತ್ರ ಇಳಿಸಲಿ, ಬ್ಲಾಕ್ ಮುಟ್ಟುವುದು ಬೇಡ. ಸೀಲ್ ಹಾಕಲು ಹೆಡ್ ಹೇಗೂ ಇಳಿಯಬೇಕು. ಇಳಿಸಿದಾಗ ನೀನು ಅಲ್ಲೇ ನಿಂತಿರು. ಅವರು ಒರೆಸುವ ಮೊದಲು ಪಿಸ್ಟನ್ ತಲೆ ನೋಡು. ಅಂಚಿನ ಸುತ್ತ ಮಸಿ ತೊಳೆದುಹೋಗಿ ಲೋಹ ಮಿರಮಿರ ಅಂತಿದ್ದರೆ ಕೆಳಗಿನಿಂದ ಆಯಿಲ್ ಹತ್ತುತ್ತಿದೆ, ರಿಂಗು. ಅಂಚಿನವರೆಗೂ ಒಂದೇ ಸಮ ಒಣ ಕಪ್ಪು ಇದ್ದರೆ ರಿಂಗು ಬಿಟ್ಟುಬಿಡು. ಆಮೇಲೆ ಇನ್‌ಟೇಕ್ ವಾಲ್ವಿನ ಹಿಂಭಾಗ ನೋಡು. ಅಲ್ಲಿ ಮಸಿ ಗೆಡ್ಡೆ ಕಟ್ಟಿಕೊಂಡು ಹಸಿಯಾಗಿದ್ದರೆ ಆಯಿಲ್ ಮೇಲಿಂದ ಇಳಿದಿದೆ. ಬೋರಿನ ಮೇಲಂಚಿಗೆ ಉಗುರು ಆಡಿಸು, ಸವೆತದ ಮೆಟ್ಟಿಲು ತಡೆಯುತ್ತದಾ ನೋಡು. ವಾಲ್ವನ್ನು ಗೈಡಿನಲ್ಲಿ ಅಲ್ಲಾಡಿಸು. ಲೊಡಲೊಡ ಅಂದರೆ ಬರೀ ಸೀಲ್ ಹಾಕಿದರೆ ಮೂರು ತಿಂಗಳಿಗೆ ಮತ್ತೆ ಹೋಗುತ್ತದೆ, ಗೈಡೂ ಬದಲಾಯಿಸಬೇಕು.

ಹೆಡ್ ಇಳಿಸುವ ಮೊದಲು ಗಾಳಿ ಬಿಟ್ಟು ನೋಡುವ ಆಸೆ ಇದ್ದರೆ ಒಂದು ಹಳೇ ಉಪಾಯ. ಸತ್ತ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಖಾಲಿ ಕಬ್ಬಿಣಕ್ಕೆ ಟ್ಯೂಬಿನ ವಾಲ್ವ್ ಬ್ರೇಜ್ ಮಾಡಿಸು. ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಲಿ, ಟಾಪ್ ಗೇರ್ ಹಾಕಿ ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿರು. ಇಲ್ಲದಿದ್ದರೆ ಗಾಳಿಗೆ ಪಿಸ್ಟನ್ ಇಳಿದು ಚಕ್ರ ಒದೆಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟು ಕಿವಿ ಇಡು. ಕಾರ್ಬೊರೇಟರಿನಲ್ಲಿ ಸುಸ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗು. ಎಷ್ಟೋ ಸಾವಿರದ ಸಲಕರಣೆ ಇದೇ ಕೆಲಸ ಮಾಡುತ್ತದೆ. ನಿನ್ನ 128 ನೋಡಿದರೆ ಇದು ಬೇಕಾಗಿಲ್ಲ. ನನಗೆ ಹೇಳುವ ಚಪಲ, ಅಷ್ಟೇ.

ನಂದಿ ಬುಡ, ಚಿಕ್ಕಬಳ್ಳಾಪುರ

6 ನಂಬರ್ ಸಲಹೆ ವಾಪಸ್ ತೆಗೆದುಕೊಂಡೆ. ಮಾವನ ಗಾಡಿ ಕೊನೆಗೆ ಏನಾಯಿತು ಅಂತ ಫೋನ್ ಮಾಡಿ ಕೇಳಿದೆ. ಪಿಸ್ಟನ್ ಹಿಡಿದುಕೊಂಡಿತ್ತಂತೆ. ಮಾರಿಬಿಟ್ಟರಂತೆ. ಇದನ್ನು ಮೊದಲು ಹೇಳಿರಲಿಲ್ಲ.

ಸೊಪ್ಪಿನ ಗಾಡಿ, ಶಿಡ್ಲಘಟ್ಟ ತಾಲ್ಲೂಕು

ಹೆಡ್ ಇಳಿಯಿತು. ಅದೇ ಮೆಕ್ಯಾನಿಕ್ ಹತ್ತಿರವೇ ಹೋದೆ. "ಹೆಡ್ ಮಾತ್ರ ಬಿಚ್ಚಿ, ಬ್ಲಾಕ್ ಬೇಡ" ಅಂದಾಗ ಅವರು ನನ್ನನ್ನು ಒಂದು ಥರ ನೋಡಿದರು. 128, 136 ಅಂತ ಬರೆದ ಚೀಟಿ ಕೊಟ್ಟೆ. ಓದಿ, ಜೇಬಿಗೆ ಹಾಕಿಕೊಂಡು, "ಆಯ್ತು, ಆದರೆ ಆಮೇಲೆ ಹೊಗೆ ಬಂದರೆ ನನ್ನ ಹತ್ತಿರ ಬರಬೇಡಿ" ಅಂದರು. ಅವರದೂ ತಪ್ಪಿಲ್ಲ. ದಿನಕ್ಕೆ ಹತ್ತು ಗಾಡಿ ನೋಡುವವರು ಒಂದೊಂದಕ್ಕೂ ನಂದಿ ಬೆಟ್ಟ ಹತ್ತಿ ಇಳಿಯಲು ಆಗುತ್ತದಾ?

ಪಿಸ್ಟನ್ ತಲೆ ಅಂಚಿನವರೆಗೂ ಒಣ ಕಪ್ಪು. ಎಲ್ಲೂ ಹೊಳಪಿಲ್ಲ. ಉಗುರು ಆಡಿಸಿದೆ, ಮೆಟ್ಟಿಲು ಸಿಗಲಿಲ್ಲ. ಆಮೇಲೆ ಅವರು ಇನ್‌ಟೇಕ್ ವಾಲ್ವ್ ತೆಗೆದರು. ತಾತ, ಹಿಂದುಗಡೆ ಬೆಲ್ಲದ ಪಾಕ ಸೀದುಹೋದ ಹಾಗೆ ದಪ್ಪಗೆ ಕಟ್ಟಿತ್ತು. ಮೇಲೆ ಹಸಿ. ಸೀಲನ್ನು ಬೆರಳಲ್ಲಿ ಒತ್ತಿದರೆ ಶರ್ಟ್ ಗುಂಡಿ ಥರ ಗಟ್ಟಿ, ಒಂದು ಕಡೆ ಸೀಳು. ಹೊಸ ಸೀಲ್ ಪಕ್ಕಕ್ಕಿಟ್ಟು ನೋಡಿದೆ, ಅದು ಬೆರಳಿಗೆ ಬಗ್ಗುತ್ತದೆ. ಇಷ್ಟು ಸಣ್ಣ ರಬ್ಬರ್! ನನ್ನ ಉಂಗುರದೊಳಗೆ ಎರಡು ಹಿಡಿಸುತ್ತವೆ. ಮೆಕ್ಯಾನಿಕ್ ಕೂಡ ಸುಮಾರು ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಏನೂ ಹೇಳಲಿಲ್ಲ. ಚಹಾ ತರಿಸಿದರು.

ಗೈಡ್ ಲೊಡಲೊಡ ಇಲ್ಲ. ಎರಡು ಸೀಲ್, ಹೆಡ್ ಗ್ಯಾಸ್ಕೆಟ್, ಟ್ಯಾಪೆಟ್ ಮುಚ್ಚಳದ ಓ ರಿಂಗು, ವಾಲ್ವಿಗೆ ಪೇಸ್ಟ್ ಹಾಕಿ ಲ್ಯಾಪಿಂಗ್, ಹೊಸ ಆಯಿಲ್. ಕೂಲಿ ಸೇರಿ 1,450 ರೂಪಾಯಿ.

ಗಾಡಿ ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜಾಸ್ತಿ ಹೊಗೆ! ಈಗ ಮನೆಗೆ ಬಂದು ಕೂತಿದ್ದೇನೆ. ಏನು ಮಾಡಲಿ?

ಹಳೇ ಫಿಟ್ಟರ್, ಕೆಜಿಎಫ್

ಊಟ ಮಾಡಿ ಮಲಗು. ಒಂದು ವರ್ಷ ಕುಡಿದ ಆಯಿಲ್ ಸೈಲೆನ್ಸರಿನ ಒಳಗೆ ಇಂಗಿದೆ. ಬಿಚ್ಚಿ ಜೋಡಿಸುವಾಗ ಬೋರಿಗೆ ಹಚ್ಚಿದ ಆಯಿಲ್ ಬೇರೆ. ಅದೆಲ್ಲ ಸುಟ್ಟುಹೋಗಬೇಕು. ನಾಳೆ ಚಿಂತಾಮಣಿಗೋ ಚಿಕ್ಕಬಳ್ಳಾಪುರಕ್ಕೋ ಹೋಗಿ ಬಾ, ಖಾಲಿ ಗಾಡಿ. ಐವತ್ತು ಕಿಲೋಮೀಟರ್ ಆದ ಮೇಲೂ ಹೊಗೆ ಇದ್ದರೆ ಆಗ ಇಬ್ಬರೂ ಕೂತು ಅಳೋಣ.

ಶಿರಾ ಗೇಟ್, ತುಮಕೂರು

ಉಂಗುರದ ವಿಷಯ ನಮ್ಮ ಕಂಪನಿ ಪ್ರತಿನಿಧಿಯನ್ನು ಕೇಳಿದೆ. ಫಿಟ್ಟರ್ ಹೇಳಿದ್ದೇ ಸರಿಯಂತೆ. ಇಷ್ಟು ವರ್ಷ ಎಷ್ಟು ಜನಕ್ಕೆ ಹೊಸ ಪ್ಲಗ್ ಮಾರಿದೆನೋ. ಯಾರೂ ಶಿರಾ ಗೇಟಿಗೆ ಹುಡುಕಿಕೊಂಡು ಬರಬೇಡಿ.

ಸೊಪ್ಪಿನ ಗಾಡಿ, ಶಿಡ್ಲಘಟ್ಟ ತಾಲ್ಲೂಕು

ತಡವಾಗಿ ಬರೆಯುತ್ತಿದ್ದೇನೆ, ಹುಳ ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಗಡಿಬಿಡಿ ಇತ್ತು.

ಹೊಗೆ ಚಿಂತಾಮಣಿ ತಲುಪುವ ಮೊದಲೇ ನಿಂತಿತ್ತು. ಈಗ ಎರಡು ಬೆಳೆ ಆಯಿತು, 640 ಕಿಲೋಮೀಟರ್, ಅದೇ ಪ್ಲಗ್. ನಿನ್ನೆ ಬಿಚ್ಚಿದೆ. ಹುರಿಹಿಟ್ಟಿನ ಬಣ್ಣಕ್ಕಿಂತ ಒಂದು ಚೂರು ಕಪ್ಪು, ಒಣಗಿದೆ. ಗ್ಯಾಪ್ 0.7 ಇತ್ತು, ಹಾಗೇ ಹಾಕಿದೆ. ಆಯಿಲ್ ಕಡ್ಡಿಯಲ್ಲಿ ಗೆರೆ ಕದಲಿಲ್ಲ ಅನ್ನಬಹುದು. ಬೆಳಗಿನ ಬುಸ್ ಇಲ್ಲ. ನಂದಿಗೆ ಮತ್ತೆ ಹೋಗಿಲ್ಲ, ಗೆಳೆಯ ಬರುವುದಿಲ್ಲ ಅಂತಾನೆ.

ಗಾಡಿಯನ್ನು ಈಗ ಹುಳದ ಮನೆ ಹಿಂದೆ, ಹುಣಸೆ ಮರದ ಕೆಳಗೆ ನಿಲ್ಲಿಸುತ್ತೇನೆ. ಮುಚ್ಚಳದ ಬೆಣ್ಣೆ ಇನ್ನೂ ಸ್ವಲ್ಪ ಇದೆ. ಅದಕ್ಕೆ ವಾರಕ್ಕೆ ಎರಡು ಸಲ ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೇನೆ. ಎಂಜಿನ್ ಬಿಸಿ ಮಾಡುವುದಕ್ಕೆ ಅಂದರೆ ಯಾರೂ ನಂಬುತ್ತಿಲ್ಲ.

ತಮ್ಮನಿಗೆ ಗೊತ್ತಾಗಲಿ ಅಂತ ಟ್ಯಾಂಕಿನ ಮೇಲೆ ಸುಣ್ಣದಲ್ಲಿ "ಚೋಕ್ ಇಳಿಸು" ಅಂತ ದೊಡ್ಡದಾಗಿ ಬರೆದೆ. ಇವತ್ತು ಬೆಳಿಗ್ಗೆ ಸೊಪ್ಪು ಇಳಿಸಿ ಬಂದಾಗ ಬಗ್ಗಿ ನೋಡಿದೆ. ಎತ್ತಿದ್ದು ಎತ್ತಿದ ಹಾಗೇ ಇತ್ತು. ಅಕ್ಷರದ ಮೇಲೆ ಹೊರೆಯ ಹಗ್ಗ ಇಟ್ಟಿದ್ದ.